ಟೈಲರ್‌ಗಳು ನಿಲ್ಲಬೇಕೆಂದರೆ ಸಂಬಳ ಇನ್ನೆಷ್ಟು ಏರಿಸಬೇಕು?

ಮದ್ದೂರಿನ ಹತ್ತಿರ ಶರ್ಟ್ ಹೊಲಿಯುವ ಯೂನಿಟ್ ಇದೆ, ಮೂರರಲ್ಲಿ ಒಂದು ಮಷಿನ್ ಖಾಲಿ ಬಿದ್ದಿದೆ, ವರ್ಷದಲ್ಲಿ ಎರಡು ಸಲ ಸಂಬಳ ಏರಿಸಿದರೂ ಜನ ನಿಲ್ಲುತ್ತಿಲ್ಲ, ಇನ್ನೆಷ್ಟು ಏರಿಸಿದರೆ ಸರಿಹೋಗುತ್ತದೆ, ಇಲ್ಲವಾದರೆ ಒಡಿಶಾ ಕಡೆಯ ಹುಡುಗಿಯರನ್ನು ಕರೆಸಿಕೊಳ್ಳಲೇ ಎಂದು ಕೇಳಿದ್ದೀರಿ.

ನೀವು ಹುಡುಕುತ್ತಿರುವ ಆ ಮೊತ್ತ ಎಲ್ಲೂ ಇಲ್ಲ. ನಾವೂ ಹುಡುಕಿದ್ದೆವು.

ನಾನು ಮೈಸೂರು ರಸ್ತೆಯ ಒಂದು ಗಾರ್ಮೆಂಟ್ಸ್‌ಗೆ ಹೆಲ್ಪರ್ ಆಗಿ ಸೇರಿದವಳು. ದಾರ ಕತ್ತರಿಸುತ್ತಾ ಮಷಿನ್ ಕಲಿತೆ, ಟೈಲರ್ ಆದೆ, ಆಮೇಲೆ ಲೈನ್, ಅಂದರೆ ಒಂದು ಸಾಲು ಮಷಿನ್, ನೋಡಿಕೊಳ್ಳುವ ಸೂಪರ್‌ವೈಸರ್, ಕೊನೆಗೆ ಫ್ಲೋರ್ ಇನ್‌ಚಾರ್ಜ್. ನಮ್ಮಲ್ಲಿ ಜನ ಕಮ್ಮಿಯಾಗತೊಡಗಿದಾಗ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ನಿಮ್ಮ ಮಾತೇ. ಎದುರಿನವನು ಜಾಸ್ತಿ ಕೊಡುತ್ತಿದ್ದಾನೆ, ನಾವೂ ಕೊಡೋಣ.

ಗಾರ್ಮೆಂಟ್ಸ್ ಸಂಬಳ ಹೇಗೆ ನಿಂತಿದೆ ನೋಡಿ. ಆ ರಸ್ತೆಯ ಎಲ್ಲ ಫ್ಯಾಕ್ಟರಿಗಳೂ ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನದ ಆಸುಪಾಸಿನಲ್ಲೇ ಇರುತ್ತವೆ. ಪ್ರತಿ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಏರಿದಾಗ ಎಲ್ಲರದ್ದೂ ಒಟ್ಟಿಗೆ ಏರುತ್ತದೆ. ಅದರ ಮೇಲೆ ನೀವು ನಾನೂರು ರೂಪಾಯಿ ಸೇರಿಸಿದರೆ ಪಕ್ಕದವನೂ ಮುಂದಿನ ತಿಂಗಳೇ ಸೇರಿಸುತ್ತಾನೆ, ಅದಕ್ಕೆ ಅವನಿಗೆ ಒಂದು ಸಹಿ ಸಾಕು. ಆದರೆ ನಿಮ್ಮ ಫ್ಲೋರ್‌ನಲ್ಲಿ ಯಾರೂ ಯಾರಿಗೂ ಏಕವಚನದಲ್ಲಿ ಬೈಯುವುದಿಲ್ಲ ಎಂದಾದರೆ ಅದನ್ನು ಅವನು ಒಂದು ತಿಂಗಳಲ್ಲಿ ನಕಲು ಮಾಡಲಾರ. ಅವನ ಸೂಪರ್‌ವೈಸರ್‌ಗಳು ಬೈದುಕೊಂಡೇ ಕೆಲಸ ಕಲಿತವರು.

ಈಗ ನಮ್ಮನ್ನು ಮುಳುಗಿಸಿದ ಹಾಜರಾತಿ ಬೋನಸ್ಸಿಗೆ ಬರುತ್ತೇನೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನೀವು ಮುಂದೆ ಮಾಡಲಿರುವುದು ಬಹುಶಃ ಇದನ್ನೇ.

ಸಂಬಳ ಏರಿಸಿದರೂ ಜನ ನಿಲ್ಲದಿದ್ದಾಗ, ಮೂಲ ಸಂಬಳಕ್ಕೆ ಸೇರಿಸಬೇಕಾದ ಹಣವನ್ನು ಹಾಜರಾತಿಗೆ ಗಂಟುಹಾಕಿದೆವು. ತಿಂಗಳಿಡೀ ಒಂದು ದಿನವೂ ತಪ್ಪದಿದ್ದರೆ ಸಾವಿರ ರೂಪಾಯಿ. ಒಂದು ದಿನ ತಪ್ಪಿದರೆ ಐನೂರು. ಎರಡು ದಿನ ತಪ್ಪಿದರೆ ಏನೂ ಇಲ್ಲ. ಆ ಯೋಜನೆ ಬರೆದ ಮೂವರಲ್ಲಿ ನಾನೂ ಒಬ್ಬಳು. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ಬರೆದುಕೊಟ್ಟು ಪಡೆದ ರಜೆಯನ್ನೂ ಗೈರು ಎಂದೇ ಲೆಕ್ಕ ಹಾಕಿದೆವು. ಬೋನಸ್ ಇರುವುದೇ ಬಂದವರಿಗೆ, ಒಪ್ಪಿಗೆ ಇದ್ದರೇನು ಇಲ್ಲದಿದ್ದರೇನು, ಮಷಿನ್ ಅಂತೂ ಖಾಲಿ ತಾನೆ ಎಂಬುದು ನಮ್ಮ ವಾದವಾಗಿತ್ತು.

ಇದರಿಂದ ಏನಾಗುತ್ತದೆ? ಮಗುವಿಗೆ ಜ್ವರ ಬಂದು ತಿಂಗಳ ಐದನೇ ತಾರೀಕು ಒಂದು ದಿನ, ಆರನೇ ತಾರೀಕು ಇನ್ನೊಂದು ದಿನ ರಜೆ ಹಾಕಿದವಳಿಗೆ ಆ ತಿಂಗಳ ಬೋನಸ್ ಅಲ್ಲಿಗೇ ಮುಗಿಯಿತು. ಇನ್ನುಳಿದ ಮೂರು ವಾರ ಅವಳನ್ನು ಆ ಹಣ ಎಳೆದು ತರುವುದಿಲ್ಲ. ಮೊದಲಾದರೆ ತಲೆನೋವಿದ್ದರೂ ಬರುತ್ತಿದ್ದವಳು ಈಗ ಊರಹಬ್ಬಕ್ಕೂ ರಜೆ ಹಾಕಿದಳು, ತಂಗಿಯ ಸೀಮಂತಕ್ಕೂ ರಜೆ ಹಾಕಿದಳು. ತಿಂಗಳ ಮೊದಲ ವಾರ ಫ್ಲೋರ್ ತುಂಬಿರುತ್ತಿತ್ತು, ಮೂರನೇ ವಾರಕ್ಕೆ ಬಣಗುಡುತ್ತಿತ್ತು. ಇನ್ನೊಂದು ಕಡೆ, ಬೋನಸ್ ಕಳೆದುಕೊಳ್ಳಬಾರದೆಂದು ಮೈ ಸುಡುವ ಜ್ವರದಲ್ಲೇ ಬಂದು ಕೂತವರೂ ಇದ್ದರು. ಅವರು ಹೊಲಿದ ಪೀಸ್ ಅರ್ಧಕ್ಕರ್ಧ ಆಲ್ಟರ್‌ಗೆ, ಅಂದರೆ ಬಿಚ್ಚಿ ಸರಿಮಾಡಲು, ವಾಪಸ್ ಬರುತ್ತಿತ್ತು. ಅಷ್ಟೇ ಅಲ್ಲ, ಆ ಬೋನಸ್ ಸೂಪರ್‌ವೈಸರ್ ಕೈಯಲ್ಲಿ ಹೊಸ ಕೋಲಾಯಿತು. ಮಧ್ಯಾಹ್ನ ಒಂದು ಗಂಟೆ ಬೇಗ ಹೋಗಬೇಕು ಎಂದರೆ ಸಾಕು, "ಹೋಗು, ಅರ್ಧ ದಿನ ಬರೀತೀನಿ, ಸಾವಿರ ಹೋಯ್ತು ನಿಂದು" ಎನ್ನುವುದು. ಟಾರ್ಗೆಟ್ ಕೇಳುವಾಗಲೂ ಅದೇ ರಾಗ: "ಇಷ್ಟೊಂದು ಕೊಡ್ತಿದ್ದೀವಲ್ಲಮ್ಮ, ಇನ್ನೇನು ಬೇಕು?"

ಬೇರೇನನ್ನೂ ಬದಲಿಸದೆ ಸಂಬಳ ಮಾತ್ರ ಏರಿಸಿದರೆ ಕೆಲಸದ ಜಾಗ ಇನ್ನೂ ಕೆಡುತ್ತದೆ. ಮಾಲೀಕರಿಗೆ ಕೊಟ್ಟ ಹಣ ವಾಪಸ್ ಬರಬೇಕು. ಮ್ಯಾನೇಜರ್ ಇನ್‌ಚಾರ್ಜ್‌ನನ್ನು ಒತ್ತುತ್ತಾನೆ, ಇನ್‌ಚಾರ್ಜ್ ಸೂಪರ್‌ವೈಸರ್‌ನನ್ನು, ಅವನು ಮಷಿನ್ ಮುಂದೆ ಕೂತವಳನ್ನು. ಜಾಸ್ತಿ ಕೊಡುತ್ತಿದ್ದೇವೆ ಎನ್ನುವುದೇ ಜಾಸ್ತಿ ಹಿಂಡಲು ಪರವಾನಗಿ.

ನಮ್ಮ ಒಂದು ಲೈನಿನಲ್ಲಿ ಕಾಲರ್ ಅಟ್ಯಾಚ್ ಮಾಡುವ ಹೆಂಗಸೊಬ್ಬರಿದ್ದರು, ಚನ್ನಪಟ್ಟಣದ ಕಡೆಯವರು. ಶರ್ಟ್ ಮಾಡಿಸುವ ನಿಮಗೆ ಕಾಲರ್ ಅಂದರೇನು ಎಂದು ಹೇಳಬೇಕಿಲ್ಲ. ಸೈಡ್ ಸೀಮ್ ಹೊಡೆಯುವವರು ಹತ್ತು ಜನ ಸಿಗುತ್ತಾರೆ, ಕಾಲರ್ ನೆಟ್ಟಗೆ ಕೂರಿಸುವವರು ಲೈನಿಗೆ ಒಬ್ಬರೋ ಇಬ್ಬರೋ. ಅವರು ಒಂದು ದಿನ ಬರದಿದ್ದರೆ ಹಿಂದಿನ ಮಷಿನ್‌ಗಳಿಂದ ಅರ್ಧ ಹೊಲಿದ ಪೀಸ್‌ಗಳ ಬಂಡಲ್ ಬಂದು ಬಂದು ಟೇಬಲ್ ಮೇಲೆ, ಆಮೇಲೆ ಕೆಳಗಿನ ಬುಟ್ಟಿಯಲ್ಲಿ, ಆಮೇಲೆ ದಾರಿಯಲ್ಲೇ ರಾಶಿ ಬೀಳುತ್ತಿತ್ತು. ಮುಂದಿನ ಕಫ್, ಬಾಟಮ್ ಹೆಮ್ ಮಾಡುವವರು ಕೈಕಟ್ಟಿ ಕೂರುತ್ತಿದ್ದರು. ಗಂಟೆಗಂಟೆಗೂ ಬೋರ್ಡ್ ಮೇಲೆ ಬರೆಯುವ ಸಂಖ್ಯೆ ಮಾತ್ರ ನಲವತ್ತು ಜನರ ಟಾರ್ಗೆಟ್ಟೇ, ಇರುವುದು ಮೂವತ್ತೆರಡು ಜನ.

ಆ ಹೆಂಗಸು ಒಂದು ನೀರಿನ ಬಾಟಲಿ ತರುತ್ತಿದ್ದರು. ಸಂಜೆ ಮನೆಗೆ ಹೋಗುವಾಗಲೂ ಅದರಲ್ಲಿ ಮುಕ್ಕಾಲು ಭಾಗ ನೀರು ಹಾಗೇ ಇರುತ್ತಿತ್ತು. ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು. ಹೋದರೆ ಬಂಡಲ್ ಸೇರುತ್ತದೆ, ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಗಾರ್ಮೆಂಟ್ಸ್‌ನಲ್ಲಿ ಕೂತು ಕೆಲಸ ಮಾಡಿದ ಯಾವ ಹೆಂಗಸನ್ನಾದರೂ ಕೇಳಿ, ಉರಿಮೂತ್ರದ ತೊಂದರೆಗೆ ಇಎಸ್‌ಐ ಆಸ್ಪತ್ರೆಯ ಕ್ಯೂನಲ್ಲಿ ನಿಂತ ಕಥೆ ಹೇಳುತ್ತಾರೆ. ನನಗೂ ಆಗಿದೆ.

ಆ ಕಾಲರ್ ಹೆಂಗಸು ಕೆಲಸ ಬಿಟ್ಟರು. ಲೆಕ್ಕ ಚುಕ್ತಾ ಮಾಡಿಸಿಕೊಳ್ಳಲು ಬಂದಾಗ ಹೊಸ ಕಡೆ ಎಷ್ಟು ಕೊಡುತ್ತಾರೆ ಎಂದು ಕೇಳಿದೆ. ನಮಗಿಂತ ಜಾಸ್ತಿಯೇ ಇರಬೇಕೆಂದುಕೊಂಡಿದ್ದೆ.

"ಮುನ್ನೂರು ಕಮ್ಮಿನೇ ಅಕ್ಕ. ಆದ್ರೆ ಅಲ್ಲಿ ಬೆಳಿಗ್ಗೆ ಫೋನ್ ಮಾಡಿ ಹೇಳುದ್ರೆ ರಜೆ ಕೊಡ್ತಾರೆ. ಮಗೀನ ಎದುರಿಗೆ ಗೇಟಲ್ಲಿ ನಿಲ್ಸಿ ಬೈಯಲ್ಲ."

ಗೇಟಿನಲ್ಲಿ ಏನು ನಡೆದಿತ್ತು ಎಂದು ಆಮೇಲೆ ಸೆಕ್ಯುರಿಟಿಯವರಿಂದ ತಿಳಿಯಿತು. ಹಿಂದಿನ ವಾರ ಫ್ಯಾಕ್ಟರಿಯ ಶಿಶುವಿಹಾರದ ಆಯಾ ಬಂದಿರಲಿಲ್ಲ. ಈಕೆ ಮಗುವನ್ನು ಎತ್ತಿಕೊಂಡೇ ಬಂದು, ವಾಪಸ್ ಹೋಗಲು ಅನುಮತಿ ಕೇಳಿದ್ದಾರೆ. ಸೂಪರ್‌ವೈಸರ್ ಬಂದು ಎಲ್ಲರೆದುರು ಬಾಯಿಗೆ ಬಂದಂತೆ ಅಂದಿದ್ದಾನೆ. ನಮಗೆ ಅನ್ವಯಿಸುತ್ತಿದ್ದ ಫ್ಯಾಕ್ಟರಿ ಕಾಯ್ದೆಯ ಪ್ರಕಾರ 30ಕ್ಕಿಂತ ಹೆಚ್ಚು ಹೆಂಗಸರಿರುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಲೇಬೇಕಿತ್ತು. ನಮ್ಮಲ್ಲಿ ಕೋಣೆ ಇತ್ತು, ತೊಟ್ಟಿಲಿತ್ತು, ಗೋಡೆ ಮೇಲೆ ಗಿಳಿ ಚಿತ್ರವೂ ಇತ್ತು. ಆಯಾ ಇರುವ ದಿನ ಇರುತ್ತಿದ್ದಳು, ಇಲ್ಲದ ದಿನ ಇಲ್ಲ.

ಅವರು ಹೋದ ಮೇಲೆ ಆ ಲೈನ್ ಮತ್ತೆ ಎದ್ದು ನಿಲ್ಲಲಿಲ್ಲ. ಅವರ ಕಾಲರ್ ಕೆಲಸವನ್ನು ಇನ್ನೊಬ್ಬಳ ಮೇಲೆ ಹೊರಿಸಿದೆವು, ಅವಳೂ ಎರಡು ತಿಂಗಳೊಳಗೆ ಬಿಟ್ಟಳು. ಜನ ಕಮ್ಮಿಯಾದಾಗ ಉಳಿದವರ ಕೆಲಸ ಹೆಚ್ಚುತ್ತದೆ, ಹೆಚ್ಚಿದ್ದಕ್ಕೇ ಅವರೂ ಹೊರಡುತ್ತಾರೆ. ಹೊರಗಿನಿಂದ ನೋಡುವವರಿಗೆ ಇದು ಜನರ ಕೊರತೆ. ಕೆಲಸ ಗೊತ್ತಿದ್ದ ಹೆಂಗಸರು ಅದೇ ರಾಮನಗರ, ಬಿಡದಿ, ಕೆಂಗೇರಿಯಲ್ಲೇ ಇದ್ದರು. ನಮ್ಮ ಹತ್ತಿರ ಇರಲು ಅವರಿಗೆ ಇಷ್ಟವಿರಲಿಲ್ಲ.

ಇದು ನನ್ನೊಬ್ಬಳ ಅನುಭವ ಎಂದು ತಳ್ಳಿಹಾಕಬೇಡಿ. ಬೆಂಗಳೂರು ಸುತ್ತಮುತ್ತಲ ಗಾರ್ಮೆಂಟ್ಸ್‌ಗಳಲ್ಲಿ ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳಿವೆ. ಒಂದರಲ್ಲಿ, ಸಂಬಳ ಏರಿಕೆ ನಿರೀಕ್ಷಿಸಿದಷ್ಟು ಬರದೆ ಕೆಲಸಗಾರರು ಬೇಸರಗೊಂಡಿದ್ದಾಗ, ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಹೆಸರು ಬರೆಸಿಕೊಳ್ಳದೆ, ಕೆಲಸ ಹೇಗಿದೆ, ಸೂಪರ್‌ವೈಸರ್ ಹೇಗೆ ಎಂದು ಅಭಿಪ್ರಾಯ ಕೇಳಿದರು. ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಡುವ ಪ್ರಮಾಣ 20 ಪರ್ಸೆಂಟ್ ಕಮ್ಮಿ ಇತ್ತು. ಅವರಿಗೆ ಒಂದು ರೂಪಾಯಿಯೂ ಹೆಚ್ಚಿಗೆ ಕೊಟ್ಟಿರಲಿಲ್ಲ. ಇನ್ನೊಂದರಲ್ಲಿ ಹಳೆ ದೀಪ ತೆಗೆದು ಎಲ್‌ಇಡಿ ಹಾಕಿದ ಫ್ಲೋರ್‌ಗಳನ್ನು ನೋಡಿದರು. ಹಾಕಿದ್ದು ಕರೆಂಟ್ ಉಳಿಸಲು. ಆದರೆ ಎಲ್‌ಇಡಿ ಕಮ್ಮಿ ಕಾಯುವುದರಿಂದ ಒಳಗಿನ ಸೆಕೆ ಇಳಿದು, ಬಿಸಿಲು ಜೋರಿದ್ದ ದಿನಗಳಲ್ಲಿ ಉತ್ಪಾದನೆಯೇ ಏರಿತು. ಮಾರ್ಚ್, ಏಪ್ರಿಲ್‌ನಲ್ಲಿ ಶೀಟ್ ಛಾವಣಿಯ ಕೆಳಗೆ, ಐರನ್ ಟೇಬಲ್ ಪಕ್ಕದ ಮಷಿನ್‌ನಲ್ಲಿ ನೀವು ಒಂದು ಮಧ್ಯಾಹ್ನ ಕೂತು ನೋಡಿ.

ಹಾಗಾದರೆ ಸಂಬಳ ಮುಖ್ಯವಲ್ಲವೇ? ಮುಖ್ಯ. ಕನಿಷ್ಠ ವೇತನ ಸರಿಯಾಗಿರಬೇಕು, ಹೇಳಿದ ದಿನಕ್ಕೆ ಖಾತೆಗೆ ಬೀಳಬೇಕು, ಓವರ್‌ಟೈಮ್‌ಗೆ ಡಬಲ್ ಕೊಡಬೇಕು, ಪಿಎಫ್ ಕಟ್ಟಿರಬೇಕು. ಇವುಗಳಲ್ಲಿ ಒಂದನ್ನು ಮುಟ್ಟಿದರೂ ನಿಮ್ಮ ಬಾಗಿಲಿಗೆ ಯಾರೂ ಬರುವುದಿಲ್ಲ. 2016ರ ಏಪ್ರಿಲ್ ನೆನಪಿದೆಯೇ? ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಎರಡು ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನೇ ಹಿಂದಕ್ಕೆ ತೆಗೆದುಕೊಂಡಿತು. ಮಗಳ ಫೀಸಿಗೆ, ಮನೆಯ ಶೀಟಿಗೆ ಪಿಎಫ್ ಹಣವೇ ದಿಕ್ಕಾಗಿದ್ದ ಕಾಲ ಅದು. ಆ ಹಣ ಕೈಗೆ ಬರಲೆಂದೇ ರಾಜೀನಾಮೆ ಕೊಟ್ಟವರು ನಮ್ಮಲ್ಲೂ ಇದ್ದರು. ಅಂಥವರು ಹಣ ಬಂದ ಮೇಲೆ ಮತ್ತೆ ಕೆಲಸ ಹುಡುಕುತ್ತಾರೆ. ನಿಮ್ಮಲ್ಲಿಗೇ ವಾಪಸ್ ಬರುತ್ತಾರಾ, ಪಕ್ಕದ ಗೇಟಿಗೆ ಹೋಗುತ್ತಾರಾ ಎನ್ನುವುದು ನೀವು ಅವರನ್ನು ಹೇಗೆ ನಡೆಸಿಕೊಂಡಿರಿ ಎಂಬುದರ ಮೇಲಿದೆ.

ಈಗಂತೂ ಇನ್ನೊಂದು ಸೇರಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಿಮ್ಮ ಮದ್ದೂರಿನ ಹೆಂಗಸು ಆಧಾರ್ ಕಾರ್ಡ್ ತೋರಿಸಿ ಸರ್ಕಾರಿ ಬಸ್ಸಿನಲ್ಲಿ ಮಂಡ್ಯಕ್ಕೂ ಹೋಗಬಲ್ಲಳು, ಬಿಡದಿಗೂ ಹೋಗಬಲ್ಲಳು. ಫ್ಯಾಕ್ಟರಿ ವ್ಯಾನ್ ಬರುವ ಊರಿಗೇ ಅಂಟಿಕೊಂಡಿರಬೇಕಾದ ಕಾಲ ಹೋಯಿತು. ಬೈಸಿಕೊಂಡು ಇರಬೇಕಾದ ದರ್ದು ಅವಳಿಗಿಲ್ಲ. ಇದು ಒಳ್ಳೆಯದೇ ಆಯಿತು ಎನ್ನುವವಳು ನಾನು.

ಮುಂದೆ ಹೊಸ ಮ್ಯಾನೇಜರ್ ಬಂದಾಗ ನಾನು ಹಟ ಹಿಡಿದು ಮಾಡಿಸಿದ್ದನ್ನು ಹೇಳುತ್ತೇನೆ. ಹಾಜರಾತಿ ಬೋನಸ್ ತೆಗೆದು ಆ ಹಣವನ್ನು ಸಂಬಳಕ್ಕೇ ಸೇರಿಸಿದೆವು. ಬೆಳಿಗ್ಗೆ ಹಾಜರಿ ಆದ ಮೇಲೆ ಎಷ್ಟು ಜನ ಬಂದಿದ್ದಾರೋ ಅಷ್ಟಕ್ಕೇ ಬೋರ್ಡ್ ಮೇಲೆ ಟಾರ್ಗೆಟ್ ಬರೆಸಿದೆವು. ಇದಕ್ಕೆ ಟಾರ್ಗೆಟ್ ಲೆಕ್ಕ ಹಾಕುವ ಐಇ (ಇಂಡಸ್ಟ್ರಿಯಲ್ ಎಂಜಿನಿಯರಿಂಗ್) ಡಿಪಾರ್ಟ್‌ಮೆಂಟಿನವರು ತುಂಬಾ ಜಗಳವಾಡಿದರು, ಶಿಪ್‌ಮೆಂಟ್ ಏನಾಗಬೇಕು ಎಂದರು. ಮೂವತ್ತೆರಡು ಜನ ನಲವತ್ತು ಜನರ ಕೆಲಸ ಅದುವರೆಗೂ ಒಂದು ದಿನವಾದರೂ ಮಾಡಿದ್ದಾರಾ, ರಿಜಿಸ್ಟರ್ ತೆಗೆದು ತೋರಿಸಿ ಎಂದೆ. ಇರಲಿಲ್ಲ. ಎಂದೂ ಮುಟ್ಟದ ಸಂಖ್ಯೆಗಾಗಿ ದಿನವೂ ಬೈಯುತ್ತಿದ್ದೆವು, ಅಷ್ಟೇ. ಪ್ರತಿ ಲೈನಿಗೂ ಎಲ್ಲ ಆಪರೇಷನ್ ಬಲ್ಲ ಒಬ್ಬ ಫ್ಲೋಟರ್ ಇಟ್ಟೆವು. ಯಾರಾದರೂ ಎದ್ದರೆ ಆ ಮಷಿನ್‌ಗೆ ಅವಳು ಕೂರುತ್ತಾಳೆ. ಖರ್ಚು ಆಯಿತು, ನಿಜ. ಕಾಲರ್‌ಗೆ ಲೈನಿನಲ್ಲಿ ಇನ್ನಿಬ್ಬರಿಗೆ ಕಲಿಸಿದೆವು. ಆಯಾ ಇಬ್ಬರಾದರು. ಬಾಯಿ ಕೆಟ್ಟ ಒಬ್ಬ ಸೂಪರ್‌ವೈಸರ್‌ನನ್ನು, ಪ್ರೊಡಕ್ಷನ್ ಚೆನ್ನಾಗಿ ತೆಗೆಯುತ್ತಿದ್ದರೂ, ಲೈನಿನಿಂದ ತೆಗೆದು ಸ್ಟೋರ್‌ಗೆ ಹಾಕಿದೆವು. ಆ ಒಂದು ಬದಲಾವಣೆ ಊರೂರಿಗೆ ಹೇಗೆ ತಲುಪಿತೋ ಗೊತ್ತಿಲ್ಲ, ಮುಂದಿನ ತಿಂಗಳೇ ಬಿಟ್ಟುಹೋಗಿದ್ದವರು ಗೇಟ್ ಹತ್ತಿರ ಬಂದು ಖಾಲಿ ಇದೆಯಾ ಎಂದು ವಿಚಾರಿಸತೊಡಗಿದರು. ಎಲ್ಲ ಮಷಿನ್ ತುಂಬಿತು ಎಂದು ಸುಳ್ಳು ಹೇಳುವುದಿಲ್ಲ, ಗಾರ್ಮೆಂಟ್ಸ್‌ನಲ್ಲಿ ಅದು ಆಗದ ಮಾತು. ಆದರೆ ಲೈನ್ ನಿಲ್ಲುವುದು ನಿಂತಿತು.

ನಿಮಗೆ ನನ್ನ ಸಲಹೆ: ಮೂರನೇ ಸಲ ಏರಿಸಬೇಕೆಂದು ಎತ್ತಿಟ್ಟ ಹಣವನ್ನು ಹಾಗೇ ಇಡಿ. ಈ ವರ್ಷ ಬಿಟ್ಟುಹೋದವರ ಪಟ್ಟಿ ತೆಗೆಯಿರಿ. ಎಚ್‌ಆರ್ ಫಾರಂನಲ್ಲಿ ಎಲ್ಲರದ್ದೂ "ಮನೆ ಸಮಸ್ಯೆ" ಎಂದೇ ಇರುತ್ತದೆ, ಅದನ್ನು ನಂಬಬೇಡಿ. ಅವರ ಊರಿಗೇ ಹೋಗಿ, ಸೂಪರ್‌ವೈಸರ್‌ನನ್ನು ಜೊತೆಗೆ ಕರೆದೊಯ್ಯದೆ ಮಾತಾಡಿ. ನೀವು ಗಂಡಸಾದರೆ ನಿಮ್ಮಲ್ಲಿ ಮೊದಲು ಕೆಲಸ ಮಾಡಿದ ಒಬ್ಬ ಹಿರಿಯ ಟೈಲರಮ್ಮನನ್ನು ಕಳಿಸಿ, ಟಾಯ್ಲೆಟ್ ವಿಷಯ ನಿಮ್ಮೆದುರು ಯಾರೂ ಬಾಯಿಬಿಡುವುದಿಲ್ಲ. ಅವರು ಹೇಳಿದ್ದರಲ್ಲಿ ಮೊದಲ ಎರಡನ್ನು ಆ ಹಣದಲ್ಲಿ ಸರಿಮಾಡಿ.

ಇನ್ನು ಒಡಿಶಾ ಹುಡುಗಿಯರ ಮಾತು. ಬೆಂಗಳೂರಿನ ಎಷ್ಟೋ ಗಾರ್ಮೆಂಟ್ಸ್ ಒಡಿಶಾ, ಜಾರ್ಖಂಡ್‌ನಿಂದ ತರಬೇತಿ ಕೊಟ್ಟು ಕರೆತಂದು ಹಾಸ್ಟೆಲ್‌ನಲ್ಲಿ ಇಟ್ಟಿವೆ. ಬಂದು ದುಡಿಯುವವರ ಬಗ್ಗೆ ನನ್ನ ತಕರಾರಿಲ್ಲ, ಅವರೂ ನಮ್ಮಂತೆಯೇ ಹೊಟ್ಟೆಪಾಡಿಗೆ ಬಂದವರು. ಆದರೆ ಇಲ್ಲಿನವರು ಬೇಡವೆಂದು ಎದ್ದುಹೋದ ಅದೇ ಮಷಿನ್ ಮುಂದೆ, ಅದೇ ಬೈಗುಳಕ್ಕೆ, ಭಾಷೆ ಬಾರದ ಹತ್ತೊಂಬತ್ತು ವರ್ಷದ ಹುಡುಗಿಯನ್ನು ತಂದು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ. ನಿಮಗೆ ಲಾಭವೂ ಇಲ್ಲ. ಹಬ್ಬಕ್ಕೆಂದು ಊರಿಗೆ ಹೋದವರಲ್ಲಿ ಎಷ್ಟೋ ಜನ ವಾಪಸ್ ರೈಲು ಹತ್ತುವುದಿಲ್ಲ, ಆಗ ರೈಲು ಚಾರ್ಜು, ಹಾಸ್ಟೆಲ್ ಬಾಡಿಗೆ, ಕಲಿಸಿದ ತಿಂಗಳುಗಳ ಖರ್ಚು ಎಲ್ಲ ನಿಮ್ಮ ತಲೆಯ ಮೇಲೆ. ಮೊದಲು ಮದ್ದೂರಿನವರು ಯಾಕೆ ಬಿಟ್ಟರು ಎಂದು ತಿಳಿದುಕೊಂಡು ಬನ್ನಿ. ಆಮೇಲೂ ಜನ ಬೇಕೆನಿಸಿದರೆ ಕರೆಸುವ ವಿಷಯ ಮಾತಾಡೋಣ. ಫ್ಲೋಟರ್ ಲೆಕ್ಕ, ಜನಕ್ಕೆ ತಕ್ಕ ಟಾರ್ಗೆಟ್ ಹಾಕುವ ರೀತಿ ಬೇಕಿದ್ದರೆ ಕೇಳಿ, ಬರೆದು ಕೊಡುತ್ತೇನೆ.