ಹೊಸನಗರದಲ್ಲಿ ದಂತ ಕ್ಲಿನಿಕ್ ತೆರೆಯುತ್ತಿದ್ದೇನೆ. ಸಾಲ ಮಾಡಿ ಬಿ ಕ್ಲಾಸ್ ಆಟೋಕ್ಲೇವ್ ತಗೊಳ್ಳಲಾ, ಕುಕ್ಕರ್ ಥರದ್ದು ಮತ್ತು ಯುವಿ ಕ್ಯಾಬಿನೆಟ್ ಸಾಕಾ?

ತೀರ್ಥಹಳ್ಳಿಯಲ್ಲಿ ಶುರು ಮಾಡುವಾಗ ನನ್ನ ತಲೆಯಲ್ಲೂ ಇದೇ ಪ್ರಶ್ನೆ ಇತ್ತು. ಸಾಲ ಮಾಡಿ ಬಿ ಕ್ಲಾಸ್ ತಗೊಂಡೆ, ಅಂದರೆ ವ್ಯಾಕ್ಯೂಮಿನಿಂದ ಗಾಳಿ ಹೀರಿ ತೆಗೆದು, ಒತ್ತಡದ ಹಬೆಯಲ್ಲಿ ಉಪಕರಣದ ಕ್ರಿಮಿ ಕೊಲ್ಲುವ ಯಂತ್ರ. ಆದರೂ ಎಡವಿದೆ.

ತುಂಗೆಯಲ್ಲಿ ರಾಮಮಂಟಪ ಮುಳುಗುವಂಥ ಮಳೆಗಾಲ. ಕರೆಂಟ್ ಬರುತ್ತಿತ್ತು, ಹೋಗುತ್ತಿತ್ತು. ಆಟೋಕ್ಲೇವಿನ ಲೋಡ್ ನನ್ನ ಇನ್ವರ್ಟರಿಗೆ ತಡೆಯುತ್ತಿರಲಿಲ್ಲ. ಅರ್ಧಕ್ಕೆ ನಿಂತ ಸೈಕಲ್ಲನ್ನು ಮತ್ತೆ ಮೊದಲಿನಿಂದ ಹಾಕಬೇಕು. ಹೊರಗೆ ಆಗುಂಬೆ ಕಡೆಯಿಂದ ಬಸ್ಸಿನಲ್ಲಿ ಬಂದವರು ಒದ್ದೆ ಕೊಡೆ ಕಾಲ ಬಳಿ ಇಟ್ಟುಕೊಂಡು, ಕೆನ್ನೆ ಹಿಡಿದು ಕೂತಿರುತ್ತಿದ್ದರು. ನನ್ನ ಹತ್ರ ಇದ್ದ ಉಪಕರಣದ ಸೆಟ್ಟುಗಳೂ ಕಡಿಮೆ. ಕರೆಂಟ್ ಇರುವಾಗಲೇ ಎಲ್ಲಾ ಆಗಿಬಿಡಲಿ ಅಂತ ಟ್ರೇಗೆ ಉಪಕರಣ ಹಾಕಿ ಮುಚ್ಚಿದ ಕಾಗದದ ಪೌಚುಗಳನ್ನು ಒತ್ತೊತ್ತಿ ತುಂಬಿದೆ.

ತಪ್ಪಾಗಿದ್ದು ಇಲ್ಲೇ. ಬರೀ ಬಿಸಿ ಸಾಲದು, ಹಬೆ ನೇರ ಲೋಹಕ್ಕೆ ತಾಗಬೇಕು. ಪರದೆಯಲ್ಲಿ 134 ಡಿಗ್ರಿ ಅಂತ ಬಂದರೂ, ಒಂದಕ್ಕೊಂದು ಅಂಟಿದ ಪೌಚುಗಳ ನಡುವೆ ಗಾಳಿ ಉಳಿದರೆ ಅಲ್ಲಿಗೆ ಹಬೆ ಹೋಗುವುದಿಲ್ಲ. ಪೌಚಿನ ಹೊರಗಿನ ಗುರುತು ಬಣ್ಣ ಬದಲಿಸಿತ್ತು, ನಾನು ಅದನ್ನೇ ನಂಬಿದೆ. ಆ ಬಣ್ಣ ಹೇಳುವುದು ಪೌಚ್ ಆಟೋಕ್ಲೇವಿಗೆ ಹೋಗಿ ಬಂತು ಅಂತ ಅಷ್ಟೇ. ಒಳಗಿನ ಉಪಕರಣದ ಕ್ರಿಮಿ ಸತ್ತಿತಾ ಅನ್ನುವುದು ಅದಕ್ಕೆ ಗೊತ್ತಿಲ್ಲ. ಸಾಲದ್ದಕ್ಕೆ ಒಣಗುವ ಮುಂಚೆಯೇ ಬಾಗಿಲು ತೆಗೆದು, ಒದ್ದೆ ಪೌಚುಗಳನ್ನೇ ಯುವಿ ಕ್ಯಾಬಿನೆಟ್ಟಿನಲ್ಲಿ ಇಡುತ್ತಿದ್ದೆ. ಒದ್ದೆ ಕಾಗದದ ಮೂಲಕ ಕ್ರಿಮಿ ಸಲೀಸಾಗಿ ಒಳಗೆ ಇಳಿಯುತ್ತದೆ. ಯುವಿ ಕ್ಯಾಬಿನೆಟ್ ಸ್ಟೆರಿಲೈಸ್ ಆದದ್ದನ್ನು ಇಡುವ ಕಪಾಟು ಮಾತ್ರ.

ಮಧ್ಯದ ಪೌಚಿನಲ್ಲಿ ಸ್ಪೋರ್ ಸ್ಟ್ರಿಪ್ ಇಟ್ಟು, ಸೈಕಲ್ ಮುಗಿದ ಮೇಲೆ ಅದನ್ನು ಲ್ಯಾಬಿಗೆ ಕಳಿಸಿದೆ. ಅದರಲ್ಲಿರುವುದು ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಅನ್ನೋ ಬ್ಯಾಕ್ಟೀರಿಯಾದ ಸ್ಪೋರುಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿರುವ ರೂಪ, ಬಿಸಿಗೆ ಸುಲಭಕ್ಕೆ ಬಗ್ಗುವಂಥವಲ್ಲ. ಬೆಳೆದಿದೆ ಅಂತ ರಿಪೋರ್ಟ್ ಬಂತು, ಅಂದರೆ ಸ್ಪೋರುಗಳು ಸತ್ತಿರಲಿಲ್ಲ. ಕ್ಲಿನಿಕ್ ಮುಚ್ಚಿ ರೋಗಿಗಳಿಗೆಲ್ಲ ನಾನೇ ಫೋನ್ ಮಾಡಿದೆ. ರಕ್ತ ಪರೀಕ್ಷೆ ನನ್ನ ಖರ್ಚಿನಲ್ಲೇ ಮಾಡಿಸಿದೆ. "ಕುದಿಸಿರಲಿಲ್ವಾ ಡಾಕ್ಟ್ರೇ?" ಅಂತ ಒಬ್ಬರು ಅಜ್ಜಿ ಕೇಳಿದರು. ಯಾರಿಗೂ ಸೋಂಕು ಕಾಣಲಿಲ್ಲ, ಆದರೆ ಎಷ್ಟೋ ಮನೆಯವರು ಮತ್ತೆ ಬರಲಿಲ್ಲ. ಅವರದ್ದೇನೂ ತಪ್ಪಿಲ್ಲ.

ಬಿ ಕ್ಲಾಸ್ ತಗೊಳ್ಳಿ. ಹಲ್ಲು ಕೊರೆಯುವ ಹ್ಯಾಂಡ್‌ಪೀಸಿನ ಒಳಗಿನ ಸಣ್ಣ ಕೊಳವೆಗಳಿಂದ ಗಾಳಿ ತೆಗೆಯಲು ವ್ಯಾಕ್ಯೂಮ್ ಬೇಕೇ ಬೇಕು, ಕುಕ್ಕರ್ ಥರದ್ದರಲ್ಲಿ ಅದಿಲ್ಲ. ಆದರೆ ನೀವು ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಒಂದು ದಿನದ ರೋಗಿಗಳಿಗೆ ಸಾಕಾಗುವಷ್ಟು ಸೆಟ್ ಇದೆಯಾ? ಚೇರ್ ಕಡಿಮೆ ಬೆಲೆಯದ್ದು ತಗೊಂಡು, ಉಳಿದ ದುಡ್ಡಿಗೆ ಹ್ಯಾಂಡ್‌ಪೀಸ್ ಜಾಸ್ತಿ ತಗೊಳ್ಳಿ. ಅದನ್ನು ಸುಮ್ನೆ ಸ್ಪಿರಿಟ್ಟಿನಲ್ಲಿ ಒರೆಸಿ ಮುಂದಿನವರ ಬಾಯಿಗೆ ಇಡುವುದನ್ನು ನಾನಂತೂ ಒಪ್ಪಲ್ಲ. ಸೆಟ್ ಮುಗಿದರೆ, ನೋವು ತಡೆಯುವ ಮಾತ್ರೆ ಕೊಟ್ಟು ನಾಳೆ ಬನ್ನಿ ಅನ್ನಿ. ಪೌಚುಗಳನ್ನು ಅಂಚಿನ ಮೇಲೆ ನಿಲ್ಲಿಸಿ, ನಡುವೆ ಜಾಗ ಬಿಡಿ. ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ ಮಾಡಿ.

ಉಪಕರಣ ತೊಳೆಯುವ ಹುಡುಗಿಗೆ ದಪ್ಪ ಗ್ಲೌಸ್ ಕೊಡಿ. ಅವಳಿಗೆ ಹೆಪಟೈಟಿಸ್ ಬಿ ಲಸಿಕೆ ಆಗಿದೆಯಾ? ಅದು 0, 1, 6 ತಿಂಗಳ ಲೆಕ್ಕದ ಮೂರು ಡೋಸ್. ಕ್ಲಿನಿಕ್ ಉದ್ಘಾಟನೆಗೆ ಕಾಯದೆ ಮೊದಲನೆಯದನ್ನು ಈ ವಾರವೇ ಹಾಕಿಸಿ.