ಮೀಟರ್ ಬೀಪ್ ಅಂದ್ರೆ ವೈರ್ ಸರಿ ಇದೆ ಅಂತಲ್ಲ

ಮಳೆ ಹಿಡಿದು ಹದಿನೈದು ದಿನ ಆಗಿರುವುದಿಲ್ಲ, ಓದುಗರಿಂದ ಒಂದೇ ಥರದ ಪ್ರಶ್ನೆಗಳು ಶುರು. ಮೂರು ಬಲ್ಬ್ ಹಾಕಿದೆ, ಉಪಯೋಗ ಇಲ್ಲ. ಸೆನ್ಸರ್ ಹೊಸದು ಹಾಕಿಸಿದೆ, ಡ್ಯಾಶ್‌ಬೋರ್ಡಿನಲ್ಲಿ ಮತ್ತೆ ಅದೇ ಲೈಟು. ಉಡುಪಿ ಕಡೆ ಇಪ್ಪತ್ತಾರು ವರ್ಷದಿಂದ ಕಾರಿನ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಇಂಥ ಕಾರು ಬಂದಾಗ ಬಹಳ ಸಲ ಕೆಟ್ಟಿರುವುದು ಬಲ್ಬೂ ಅಲ್ಲ, ಸೆನ್ಸರೂ ಅಲ್ಲ. ನಡುವೆ ಕೂತಿರುವ ಕಪ್ಲರ್, ಅಂದರೆ ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್. ಅದನ್ನು ಬಿಚ್ಚಿ ನೋಡುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ.

ಫ್ಯೂಸ್ ಬಾಕ್ಸ್ ಎಲ್ಲಿದೆ, ಬ್ಯಾಟರಿ ಮೈನಸ್ ಹೇಗೆ ಬಿಚ್ಚುವುದು ಅಂತೆಲ್ಲ ಇಲ್ಲಿ ಹೇಳುವುದಿಲ್ಲ. ಕಾರಿನ ಜೊತೆ ಒಂದು ಪುಸ್ತಕ ಕೊಟ್ಟಿರುತ್ತಾರೆ. ಅದರ ಪ್ಲಾಸ್ಟಿಕ್ ಕವರ್ ಇನ್ನಾದರೂ ಹರಿಯಿರಿ.

ಎಂಟು ವರ್ಷದ ಹ್ಯಾಚ್‌ಬ್ಯಾಕ್. ಬ್ರೇಕ್ ಒತ್ತಿದರೆ ಹಿಂದಿನ ಎಡಗಡೆ ಬ್ರೇಕ್ ಲೈಟ್ ಮಂಕಾಗಿ ಉರಿಯುತ್ತದೆ. ಅದರ ಜೊತೆಗೇ ಆ ಕಡೆಯ ಇಂಡಿಕೇಟರ್ ಕೂಡ ಸಣ್ಣಗೆ ಹತ್ತುತ್ತದೆ. ಮೂರು ಸಲ ಬಲ್ಬ್ ಬದಲಾಯಿಸಿದೆ. ಮಲ್ಟಿಮೀಟರ್ ಇಟ್ಟರೆ ಬೀಪ್ ಬರುತ್ತದೆ, ಅಂದರೆ ವೈರ್ ಸರಿ ಇದೆ. ಗ್ಯಾರೇಜಿನಲ್ಲಿ ಹಿಂದಿನ ವೈರಿಂಗ್ ಪೂರ್ತಿ ಬದಲಾಯಿಸಬೇಕು ಅನ್ನುತ್ತಿದ್ದಾರೆ. ಬೇಕಾ? (ಮರವಂತೆಯ ಓದುಗರು)

ಬೇಡ. ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳಿ.

ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಯಾಕೆ ಹತ್ತಬೇಕು? ಆ ಲ್ಯಾಂಪಿನ ಒಳಗಿನ ಬಲ್ಬುಗಳಿಗೆ ಕರೆಂಟ್ ತರುವ ವೈರ್ ಬೇರೆ ಬೇರೆ, ವಾಪಸ್ ಕಾರಿನ ಬಾಡಿಗೆ ಒಯ್ಯುವ ಅರ್ತ್ ವೈರ್ ಮಾತ್ರ ಒಂದೇ. ಆ ದಾರಿ ಕಟ್ಟಿಕೊಂಡರೆ ಕರೆಂಟ್ ಸುಮ್ನೆ ನಿಲ್ಲುವುದಿಲ್ಲ. ಇಂಡಿಕೇಟರ್ ಬಲ್ಬಿನೊಳಗೆ ಉಲ್ಟಾ ನುಗ್ಗುತ್ತದೆ, ಅದರ ವೈರ್ ಹಿಡಿದು ಮುಂದಿನ ಇಂಡಿಕೇಟರ್ ತನಕ ಹೋಗುತ್ತದೆ, ಅಲ್ಲಿಯ ಅರ್ತ್‌ನಲ್ಲಿ ಇಳಿಯುತ್ತದೆ. ಹೆದ್ದಾರಿ ಬಂದ್ ಆದಾಗ ಬಸ್ಸುಗಳು ಒಳರಸ್ತೆಯಲ್ಲಿ ಸುತ್ತಿ ಬರುತ್ತವಲ್ಲ, ಹಾಗೆ. ಅಷ್ಟು ಬಲ್ಬು ದಾಟಿ ಹೋಗಬೇಕಾದ್ದರಿಂದ ಎಲ್ಲವೂ ಮಂಕು. ಇದು ಮಾಮೂಲಿ ಬಲ್ಬಿನ ಲ್ಯಾಂಪಿಗೆ ಹೇಳಿದ ಮಾತು. ಎಲ್‌ಇಡಿ ಲ್ಯಾಂಪ್ ಇರುವವರು ಈ ಲಕ್ಷಣ ನೆಚ್ಚಿಕೊಳ್ಳಬೇಡಿ.

ಈಗ ಆ ಬೀಪ್ ವಿಷಯ. ನನಗೆ ಜಾಸ್ತಿ ಸಿಟ್ಟು ಬರುವುದು ಇದರ ಮೇಲೆಯೇ. ಬಹುತೇಕ ಮೀಟರುಗಳು ಇಪ್ಪತ್ತು ಮೂವತ್ತು ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ, ಅಡ್ಡ ಇದ್ದರೂ ಬೀಪ್ ಅನ್ನುತ್ತವೆ. ನಿಮ್ಮ ಬ್ರೇಕ್ ಬಲ್ಬ್ 21 ವಾಟ್. ಉರಿಯುವಾಗ ಅದರ ರೆಸಿಸ್ಟೆನ್ಸ್ ಬರೀ 7 ಓಮ್. ಕಪ್ಲರಿನ ಕಿಲುಬಿನಲ್ಲಿ ಒಂದು 5 ಓಮ್ ಕೂತಿತು ಅಂತಿಟ್ಟುಕೊಳ್ಳಿ, 12 ವೋಲ್ಟಿನಲ್ಲಿ ಹೆಚ್ಚುಕಡಿಮೆ ಅರ್ಧ ಅಲ್ಲೇ ಖಾಲಿ. ಮೀಟರ್ ಮಾತ್ರ ಖುಷಿಯಾಗಿ ಬೀಪ್ ಅನ್ನುತ್ತಿರುತ್ತದೆ. ಅದು ವೈರಿನಲ್ಲಿ ಹಾಯಿಸುವ ಕರೆಂಟ್ ಎಷ್ಟು ಗೊತ್ತಾ? ಒಂದು ಮಿಲಿ ಆಂಪಿನ ಆಸುಪಾಸು. ಬಲ್ಬಿಗೆ ಬೇಕಾಗಿರುವುದು ಒಂದೂಮುಕ್ಕಾಲು ಆಂಪ್. ಸೈಕಲ್ ದಾಟಿದ ಕಾಲುಸಂಕದ ಮೇಲೆ ಲಾರಿ ದಾಟುತ್ತದೆ ಅಂತ ಹೇಳಿದ ಹಾಗಾಯಿತು.

ಹಾಗಾಗಿ ಬೀಪ್ ಬಿಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಬಲ್ಬ್ ಅದರ ಜಾಗದಲ್ಲೇ ಇರಲಿ, ಕಪ್ಲರ್ ಹಾಕಿಯೇ ಇರಲಿ. ಮನೆಯವರೊಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಸಿ. ಯಾರೂ ಇಲ್ಲವಾದರೆ ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಸಿಕ್ಕಿಸಿ. ಮೀಟರಿನ ಕಪ್ಪು ಪ್ರೋಬ್ (ಮುಟ್ಟಿಸುವ ಕಡ್ಡಿ) ಡಿಕ್ಕಿಯೊಳಗೆ ಬಾಡಿಯ ಬರಿ ಲೋಹಕ್ಕೆ ಮುಟ್ಟಲಿ. ಪೇಂಟ್ ಮೇಲೆ ಇಟ್ಟು ಸೊನ್ನೆ ಬಂತು ಅನ್ನಬೇಡಿ. ಕೆಂಪು ಪ್ರೋಬ್ ಲ್ಯಾಂಪಿನ ಅರ್ತ್ ಪಿನ್ನಿಗೆ. ಕಪ್ಲರಿನ ಹಿಂಬದಿಯಿಂದ, ವೈರಿನ ಪಕ್ಕದಲ್ಲಿ ಒಂದು ಸಪೂರ ಸೀರೆ ಪಿನ್ ಇಳಿಸಿ ಅದಕ್ಕೆ ಮುಟ್ಟಿಸಿ. ದಯವಿಟ್ಟು ವೈರಿನ ಮೈಗೆ ಸೂಜಿ ಚುಚ್ಚಬೇಡಿ. ಮುಂದಿನ ಮಳೆಗಾಲದ ನೀರು ಒಳಗೆ ಹೋಗುವುದು ಅದೇ ತೂತಿನಿಂದ.

0.1 ವೋಲ್ಟ್ ಒಳಗೆ ಬಂದರೆ ಅರ್ತ್ ಸರಿ ಇದೆ, ನಾನು ಹೇಳಿದ್ದು ತಪ್ಪು. ನಿಮ್ಮ ಕಾರಿನಲ್ಲಿ ಮೂರೋ ನಾಲ್ಕೋ ವೋಲ್ಟ್ ಬರುತ್ತದೆ ಅಂತ ನನ್ನ ಅಂದಾಜು. ಆಮೇಲೆ ಕೆಂಪು ಪ್ರೋಬನ್ನು ಒಂದೊಂದೇ ಹೆಜ್ಜೆ ಬಾಡಿ ಕಡೆಗೆ ಸರಿಸುತ್ತಾ ಬನ್ನಿ. ಲ್ಯಾಂಪಿನ ಕಡೆ 4 ವೋಲ್ಟ್, ಕಪ್ಲರ್ ದಾಟಿ ವೈರಿಂಗ್ ಕಡೆ 0.05 ಅಂತ ಬಂದರೆ ಕಳ್ಳ ಕಪ್ಲರಿನಲ್ಲೇ ಇದ್ದಾನೆ. ಅಲ್ಲೂ 4, ಬಾಡಿಗೆ ಸ್ಕ್ರೂ ಹಾಕಿದ ಲಗ್ಗಿನ (ವೈರಿನ ತುದಿಯ ಲೋಹದ ಬಳೆ) ಮೇಲೂ 4 ಅಂದರೆ ಲಗ್ಗಿನ ಅಡಿ ತುಕ್ಕು ಹಿಡಿದಿದೆ. ರೀಡಿಂಗ್ ಎಲ್ಲಿ ದಬಕ್ಕನೆ ಬೀಳುತ್ತದೋ ಕಾಯಿಲೆ ಅಲ್ಲಿ. ಹತ್ತು ನಿಮಿಷದ ಕೆಲಸ. ಇದನ್ನು ಮಾಡದೆ ವೈರಿಂಗ್ ಬದಲಾಯಿಸಬೇಕು ಅನ್ನುವವರಿಗೆ ವೈರಿಂಗ್ ಬರುವುದಿಲ್ಲ, ಬಿಲ್ ಬರೆಯುವುದಕ್ಕೆ ಬರುತ್ತದೆ.

ಈಗ ಬ್ಯಾಟರಿ ಮೈನಸ್ ಬಿಚ್ಚಿ, ಕಪ್ಲರ್ ತೆಗೆಯಿರಿ. ಲಾಕ್ ಒತ್ತಿ ಪ್ಲಾಸ್ಟಿಕ್ ಹಿಡಿದು ಎಳೆಯಬೇಕು, ವೈರ್ ಹಿಡಿದಲ್ಲ. ಎಂಟು ವರ್ಷದ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತದೆ, ನಿಧಾನ. ಒಳಗೆ ಟಾರ್ಚ್ ಬಿಟ್ಟು ನೋಡಿ. ಪಿನ್ ಬೆಳ್ಳಗೆ ಬೆಳ್ಳಿ ಥರ ಇದ್ದು ಸ್ವಲ್ಪ ಮಂಕಾಗಿದೆ ಅಷ್ಟೇ ಅಂದರೆ ನಿಮ್ಮ ಅದೃಷ್ಟ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ನಾಲ್ಕೈದು ಸಲ ಹಾಕಿ ತೆಗೆದು, ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹಾಯದ, ನೀರು ತಡೆಯುವ ಗ್ರೀಸ್) ತೆಳುವಾಗಿ ಸವರಿ ಮುಚ್ಚಿ. ಆದರೆ ಮರವಂತೆ ಅಂದಿರಿ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಅದರ ಮೇಲೆ ಮೀನಿನ ಲಾರಿಗಳು ಸುರಿಸಿಕೊಂಡು ಹೋಗುವ ಉಪ್ಪುನೀರು. ನನಗೆ ಗೊತ್ತು, ನಿಮ್ಮ ಕಪ್ಲರಿನಲ್ಲಿ ಹಸಿರು ಇರುತ್ತದೆ. ಪೂಜೆಗೆ ಇಟ್ಟು ಮರೆತ ತಾಮ್ರದ ಚೊಂಬಿನ ತಳದಲ್ಲಿ ಕಾಣುವ ಅದೇ ಕಿಲುಬು.

ಹಸಿರು ಕಂಡಿತು ಅಂದರೆ ಪಿನ್ನಿನ ಮೇಲಿನ ತವರದ ಲೇಪ ಹೋಗಿ ಒಳಗಿನ ತಾಮ್ರವೋ ಹಿತ್ತಾಳೆಯೋ ಬಯಲಾಗಿದೆ ಅಂತ. ಅದನ್ನು ಎಷ್ಟು ತಿಕ್ಕಿದರೂ ಎರಡು ತಿಂಗಳ ಆಟ. ಪಿನ್ ಬದಲಾಯಿಸಬೇಕು. ಎದುರುಗಡೆಯ ಹೋಲ್ಡರಿನಲ್ಲೂ ಹಸಿರಿದ್ದರೆ ಅದನ್ನೂ. ತುಂಡು ವೈರ್ ಸಮೇತ ಬರುವ ಹೊಸ ಕಪ್ಲರ್ ಸಿಕ್ಕಿದರೆ ಇನ್ನೂ ಸುಲಭ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. ಹೊಸ ಕಪ್ಲರ್ ತಂದು, ಹಳೆಯದನ್ನು ಅರ್ಧ ಇಂಚು ಹಿಂದೆ ಕತ್ತರಿಸಿ ಜೋಡಿಸಿಬಿಡುತ್ತಾರೆ. ವೈರಿನ ಸಿಪ್ಪೆ ಬಿಚ್ಚಿ ಎಳೆಗಳನ್ನು ನೋಡಿ ಸ್ವಾಮಿ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ಎಳೆಗಳ ಸಂದಿನಲ್ಲಿ ನೀರು ಹತ್ತುತ್ತದೆ. ಹೊರಗಿನಿಂದ ವೈರ್ ಫಳಫಳ, ಒಳಗೆ ಇದ್ದಿಲಿನ ಬಣ್ಣ. ಹೋದ ವರ್ಷ ಮಲ್ಪೆಯ ಒಂದು ಕಾರಿನಲ್ಲಿ ಒಂದು ಇಂಚು ಕತ್ತರಿಸಿದೆ, ಕಪ್ಪು. ಮೂರು ಇಂಚು, ಕಪ್ಪು. ಬೆರಳಲ್ಲಿ ಹೊಸಕಿದರೆ ಎಳೆಗಳು ಪುಡಿಯಾಗಿ ಉದುರುತ್ತಿದ್ದವು. ಏಳನೇ ಇಂಚಿನಲ್ಲಿ ಕೆಂಪು ತಾಮ್ರ ಸಿಕ್ಕಿತು. ಅಲ್ಲಿಂದ ಹೊಸ ವೈರ್ ಜೋಡಿಸಿದೆ. ಕಾರಿನವರು ಪಕ್ಕದಲ್ಲೇ ನಿಂತಿದ್ದರು, ಇಷ್ಟೆಲ್ಲ ಯಾಕೆ ಕತ್ತರಿಸುತ್ತೀರಿ ಅಂತ ಗೊಣಗುತ್ತಾ. ಕೆಂಪು ಕಾಣುವ ತನಕ ಕತ್ತರಿಸಲೇಬೇಕು, ಬೇರೆ ದಾರಿಯಿಲ್ಲ.

ಜೋಡಿಸುವುದು ಕ್ರಿಂಪ್ ಮಾಡಿ, ಅಂದರೆ ಲೋಹದ ಸ್ಲೀವಿನೊಳಗೆ ವೈರ್ ಇಟ್ಟು ಒತ್ತಿ. ಅಷ್ಟೇ ದಪ್ಪದ ವೈರ್, ಸರಿಯಾದ ಅಳತೆಯ ಸ್ಲೀವ್, ಕ್ರಿಂಪಿಂಗ್ ಪ್ಲೈಯರ್. ಕಟಿಂಗ್ ಪ್ಲೈಯರಿನಲ್ಲಿ ಜಜ್ಜಿದ್ದು ಕ್ರಿಂಪ್ ಅಲ್ಲ. ಒತ್ತಿದ ಮೇಲೆ ಗಟ್ಟಿಯಾಗಿ ಎಳೆದು ನೋಡಿ, ಬಿಚ್ಚಿ ಬರುವಂಥದ್ದು ಈಗಲೇ ಬರಲಿ. ಮೇಲೆ ಒಳಗಡೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ ಬಿಸಿ ಮಾಡಿ, ಎರಡು ತುದಿಯಲ್ಲೂ ಅಂಟು ಒಸರಬೇಕು. ಬೆಸುಗೆ ಹಾಕಬಹುದಾ ಅಂತ ಕೇಳುತ್ತೀರಿ. ಮನೆಯ ರೇಡಿಯೊಗೆ ಹಾಕಿ. ಕಾರು ಅಲ್ಲಾಡುತ್ತಲೇ ಇರುತ್ತದೆ, ಬೆಸುಗೆ ಮುಗಿಯುವ ಜಾಗದಲ್ಲಿ ವೈರ್ ಬಿರುಸಾಗಿ ತುಂಡಾಗುತ್ತದೆ. ಇನ್ಸುಲೇಶನ್ ಟೇಪ್ ಅಂತೂ ಸುದ್ದಿಯೇ ಬೇಡ. ಒಂದು ಬೇಸಿಗೆಗೆ ಅಂಟು ಕರಗುತ್ತದೆ, ಆಮೇಲೆ ಅದರೊಳಗೆ ನೀರು ನಿಲ್ಲುತ್ತದೆ.

ಬಾಡಿಯ ಅರ್ತ್ ಸ್ಕ್ರೂ ಕೂಡ ಬಿಚ್ಚಿ, ಲಗ್ಗಿನ ಅಡಿ ಲೋಹ ಕಾಣುವ ಹಾಗೆ ಉಜ್ಜಿ, ಬಿಗಿದು, ಮೇಲಿನಿಂದ ಗ್ರೀಸ್ ಬಳಿಯಿರಿ. ಕೊನೆಗೆ ಲ್ಯಾಂಪಿನ ಹಿಂದಿನ ರಬ್ಬರ್ ಗ್ಯಾಸ್ಕೆಟ್ ನೋಡಿ. ನೀರು ಬಂದದ್ದು ಅಲ್ಲಿಂದಲೇ ಇರಬೇಕು. ಅದನ್ನು ಹಾಗೇ ಬಿಟ್ಟರೆ ಬರುವ ಜೂನ್‌ನಲ್ಲಿ ನಿಮ್ಮಿಂದ ಇದೇ ಪ್ರಶ್ನೆ ಬರುತ್ತದೆ, ನಾನು ಉತ್ತರ ಬರೆಯುವುದಿಲ್ಲ.

ಕಪ್ಲರ್ ಪಿನ್ನಿನ ಕಿಲುಬಿಗೆ ಹುಣಸೆಹುಳಿ ಹಚ್ಚಿದರೆ ಥಳಥಳ ಆಗುತ್ತದೆ ಅಂತ ಒಂದು ವಿಡಿಯೊ ನೋಡಿದೆ. ಮಾಡಬಹುದಾ? (ದಾವಣಗೆರೆ)

ಥಳಥಳ ಆಗುತ್ತದೆ, ಸುಳ್ಳಲ್ಲ. ಚೊಂಬನ್ನು ಹುಳಿ ಹಾಕಿ ತಿಕ್ಕಿದ ಮೇಲೆ ನೀರಲ್ಲಿ ತೊಳೆದು ಬಟ್ಟೆಯಲ್ಲಿ ಒರೆಸುತ್ತೀರಿ. ಕಪ್ಲರಿನ ಸಂದಿಗೊಂದಿಗೆ ಹೋದ ಹುಳಿಯನ್ನು ಯಾರು ತೊಳೆಯುತ್ತಾರೆ? ಅದು ಅಲ್ಲೇ ಕೂತು, ತೇವ ಸಿಕ್ಕಾಗಲೆಲ್ಲ ಲೋಹ ತಿನ್ನುತ್ತದೆ. ನಿಂಬೆಹಣ್ಣು, ಕೋಲಾ, ಟಾಯ್ಲೆಟ್ ತೊಳೆಯುವ ಆಸಿಡ್ ಎಲ್ಲದಕ್ಕೂ ಇದೇ ಉತ್ತರ. ಕೊನೆಯದನ್ನು ನಿಜವಾಗಿಯೂ ಒಬ್ಬರು ಹಾಕಿಕೊಂಡು ಬಂದಿದ್ದರು. ಪಿನ್ ಇರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಸ್ಯಾಂಡ್ ಪೇಪರ್ ಕೂಡ ಬೇಡ. ಉಳಿದ ಅಷ್ಟಿಷ್ಟು ತವರವನ್ನೂ ಅದು ಕಿತ್ತುಹಾಕುತ್ತದೆ.

ಡಬ್ಲ್ಯೂಡಿ-40 ಹೊಡೆದರೆ ಸಾಕಲ್ವಾ? (ಬೆಂಗಳೂರು)

ಒದ್ದೆಯಾದ ಕಪ್ಲರಿನಿಂದ ನೀರು ಓಡಿಸುವುದಕ್ಕೆ ಒಳ್ಳೆಯದು. ಹೆಸರಲ್ಲೇ ಇದೆಯಲ್ಲ, ವಾಟರ್ ಡಿಸ್‌ಪ್ಲೇಸ್‌ಮೆಂಟ್, 40ನೇ ಪ್ರಯತ್ನ. 1953ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಆದರೆ ಅದು ಕಿಲುಬು ವಾಸಿ ಮಾಡುವ ಔಷಧಿಯಲ್ಲ, ವರ್ಷಗಟ್ಟಲೆ ಕಾಯುವ ಗ್ರೀಸೂ ಅಲ್ಲ. ಅದೇ ಕಂಪನಿಯೇ ಕಾಂಟ್ಯಾಕ್ಟ್ ಕ್ಲೀನರ್ ಅಂತ ಬೇರೆ ಡಬ್ಬಿ ಮಾರುತ್ತದೆ, ಯಾಕೆ ಅಂತ ಯೋಚಿಸಿ.

ನಮ್ಮ ಕಡೆ ಸಮುದ್ರ ಇಲ್ಲ, ಮಳೆಯೂ ಕಮ್ಮಿ. ಆದರೂ ಸೆನ್ಸರ್ ಕಪ್ಲರ್ ಬಿಚ್ಚಿ ಹಾಕಿದರೆ ಸರಿಯಾಗುತ್ತದೆ, ಎರಡು ವಾರಕ್ಕೆ ಮತ್ತೆ ಕೈಕೊಡುತ್ತದೆ. ಕಿಲುಬೇ ಕಾಣುತ್ತಿಲ್ಲ. (ಹುಬ್ಬಳ್ಳಿ)

ಇದು ಒಳ್ಳೆಯ ಪ್ರಶ್ನೆ. ಎಂಜಿನ್ ನಡುಕಕ್ಕೆ ಪಿನ್ನೂ ಸಾಕೆಟ್ಟೂ ಕೂದಲೆಳೆಯಷ್ಟು ಉಜ್ಜಿಕೊಳ್ಳುತ್ತಲೇ ಇರುತ್ತವೆ. ತವರ ಸವೆದು, ಆ ಪುಡಿ ಗಾಳಿಗೆ ಆಕ್ಸೈಡ್ ಆಗಿ ಕಪ್ಪು ಚುಕ್ಕಿಯಾಗಿ ಕೂರುತ್ತದೆ. ನೀವು ಬಿಚ್ಚಿ ಹಾಕಿದಾಗ ಆ ಚುಕ್ಕಿ ಕೆರೆದು ಹೋಗುತ್ತದೆ, ಅದಕ್ಕೇ ಎರಡು ವಾರದ ಸುಖ. ಹೆಣ್ಣು ಟರ್ಮಿನಲ್, ಅಂದರೆ ಆ ಸಾಕೆಟ್, ಸಡಿಲ ಆಗಿದೆಯಾ ನೋಡಿ. ಅದೇ ಅಳತೆಯ ಒಂದು ಬಿಡಿ ಪಿನ್ ಹಾಕಿ ಎಳೆದರೆ ಸ್ವಲ್ಪ ಹಿಡಿತ ಸಿಗಬೇಕು, ಜಾರಿ ಬಂದರೆ ಟರ್ಮಿನಲ್ ಬದಲಾಯಿಸಿ. ವೈರಿಂಗಿನ ಕ್ಲಿಪ್ ಮುರಿದು ವೈರ್ ನೇತಾಡುತ್ತಿದ್ದರೆ ಮೊದಲು ಅದನ್ನು ಕಟ್ಟಿ.

10 ಆಂಪ್ ಫ್ಯೂಸ್ ಪದೇ ಪದೇ ಹೋಗುತ್ತಿತ್ತು. 20 ಹಾಕಿದ ಮೇಲೆ ತೊಂದರೆ ಇಲ್ಲ. (ಶಿವಮೊಗ್ಗ)

10ರ ಕೆಂಪು ಫ್ಯೂಸ್ ಇದ್ದ ಕಡೆ 20ರ ಹಳದಿ ಹಾಕಿದ್ದೀರಿ. ಈಗ ಫ್ಯೂಸಿನ ಬದಲು ವೈರ್ ಸುಡುತ್ತದೆ. ಇವತ್ತೇ ತೆಗೆಯಿರಿ.

ಇಲಿ ವೈರ್ ಕಡಿಯುತ್ತದೆ. ಹೊಗೆಸೊಪ್ಪು ಕಟ್ಟಿದರೆ ಬರುವುದಿಲ್ಲವಂತೆ, ಹೌದಾ? (ಪುತ್ತೂರು)

ಇಲಿಯನ್ನೇ ಕೇಳಬೇಕು.

ಏರ್‌ಬ್ಯಾಗ್ ಲೈಟ್ ಬರುತ್ತಿದೆ. ಸೀಟಿನಡಿಯ ಹಳದಿ ಕಪ್ಲರ್ ಅಲ್ಲಾಡಿಸಿದರೆ ಹೋಗುತ್ತದೆ. ಮೀಟರ್ ಇಟ್ಟು ನೋಡಲಾ? (ಮೈಸೂರು)

ಬೇಡ. ದೋಷ ಆ ಕಪ್ಲರಿನಲ್ಲೇ ಇರಬಹುದು, ಆದರೂ ಬೇಡ. ಮೀಟರಿನ ಸಣ್ಣ ಕರೆಂಟ್ ಕೂಡ ಏರ್‌ಬ್ಯಾಗ್ ಸಿಡಿಸುವ ಅಪಾಯ ಇದೆ. ಇಷ್ಟು ವರ್ಷದ ಮೇಲೆಯೂ ನಾನು ಬ್ಯಾಟರಿ ಬಿಚ್ಚಿ, ಆ ಕಾರಿನ ಸರ್ವಿಸ್ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾದು, ಆಮೇಲೆ ಹಳದಿಗೆ ಕೈ ಹಾಕುತ್ತೇನೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲಿಗೆ ನಾನೂ ಕೈ ಹಾಕುವುದಿಲ್ಲ, ಅದರ ತರಬೇತಿ ಆದವರ ಹತ್ತಿರ ಕಳಿಸುತ್ತೇನೆ.

ಫೋಟೊ ಕಳಿಸಿದ್ದೇನೆ. ಕಪ್ಲರಿನಲ್ಲಿ ಏನು ತೊಂದರೆ ಅಂತ ನೋಡಿ ಹೇಳಿ. (ತುಮಕೂರು)

ನೋಡಿದೆ. ಕಪ್ಲರ್ ಮುಚ್ಚಿಯೇ ಇದೆ.