ಎಇಡಿ ಯಂತ್ರ ಮುಟ್ಟಲು ಅಂಜಬೇಕೆ?

ಪ್ರಶ್ನೆ: ನಮ್ಮ ಬಡಾವಣೆಯ ಸಂಘವು ಸಮುದಾಯ ಭವನಕ್ಕೆ ಎಇಡಿ (ಹೃದಯದ ಲಯ ಕೆಟ್ಟು ಕುಸಿದವರಿಗೆ ವಿದ್ಯುತ್ ಶಾಕ್ ಕೊಡುವ) ಯಂತ್ರ ಕೊಳ್ಳಲು ಯೋಚಿಸುತ್ತಿದೆ. ಬರೀ ತಲೆಸುತ್ತಿ ಬಿದ್ದವರಿಗೆ ತಿಳಿಯದೆ ಶಾಕ್ ಕೊಟ್ಟು ಅನಾಹುತವಾದರೆ ಎಂದು ಕೆಲವು ಹಿರಿಯರು ಹೆದರುತ್ತಿದ್ದಾರೆ. ಈ ಭಯ ಸರಿಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಶಾಕ್ ಬೇಕೇ ಬೇಡವೇ ಎಂದು ತೀರ್ಮಾನಿಸುವ ಹೊಣೆ ನಿಮ್ಮದಲ್ಲ, ಯಂತ್ರದ್ದು. ಎದೆಗೆ ಅಂಟಿಸಿದ ಎರಡು ಪ್ಯಾಡ್‌ಗಳ ಮೂಲಕ ಅದು ಹೃದಯದ ವಿದ್ಯುತ್ ಲಯವನ್ನು ಗಮನಿಸುತ್ತದೆ. ಕೆಳಕೋಣೆಗಳು ರಕ್ತವನ್ನು ದೂಡದೆ ಸುಮ್ಮನೆ ಅದುರುತ್ತಿದ್ದರೆ ಅಥವಾ ಅಪಾಯಕರ ವೇಗದಲ್ಲಿ ಬಡಿಯುತ್ತಿದ್ದರೆ ಮಾತ್ರ ಶಾಕ್‌ಗೆ ಅನುವು ಮಾಡಿಕೊಡುತ್ತದೆ. ತಲೆಸುತ್ತಿ ಬಿದ್ದವರ ಹೃದಯ ಸರಿಯಾಗಿ ಬಡಿಯುತ್ತಿದ್ದರೆ ನೀವು ಗುಂಡಿ ಒತ್ತಿದರೂ ಶಾಕ್ ಹೊರಡದು.

ನಿಜವಾಗಿ ಹೆದರಬೇಕಾದದ್ದು ತಡಕ್ಕೆ. ಎದೆ ಒತ್ತುವವರೂ ಇಲ್ಲದಿದ್ದರೆ, ಶಾಕ್ ತಡವಾದ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಬಿದ್ದವರು ಕರೆದರೂ ಓಗೊಡದೆ, ಉಸಿರಾಡದೆ ಇದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಯಂತ್ರ ತರಲು ಓಡಲಿ, ಮತ್ತೊಬ್ಬರು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿಯಂತೆ, ಸುಮಾರು 5 ಸೆಂ.ಮೀ. ಕುಸಿಯುವಷ್ಟು ಬಲವಾಗಿ ಒತ್ತತೊಡಗಲಿ. ಆಗಾಗ ಬಾಯಿ ತೆರೆದು ಗೊರಗುಟ್ಟುತ್ತಾ ಗಾಳಿ ಎಳೆದುಕೊಳ್ಳುವುದನ್ನು ಉಸಿರಾಟವೆಂದು ನಂಬಿ ಕಾಯುತ್ತಾ ಕೂರುವವರು ಬಹಳ. ದಯವಿಟ್ಟು ಆ ತಪ್ಪು ಮಾಡಬೇಡಿ.

ಯಂತ್ರವನ್ನು ಚಾಲೂ ಮಾಡಿದೊಡನೆ ಅದೇ ಮಾತಾಡಿ ದಾರಿ ತೋರುತ್ತದೆ. ಬೆವರಿದ್ದರೆ ಎದೆ ಒರೆಸಿ, ಸರ ಅಥವಾ ತಾಳಿಯನ್ನು ಬದಿಗೆ ಸರಿಸಿ, ಒಂದು ಪ್ಯಾಡನ್ನು ಬಲಗಡೆ ಕೊರಳೆಲುಬಿನ ಕೆಳಗೂ ಇನ್ನೊಂದನ್ನು ಎಡಕಂಕುಳ ಕೆಳಗೂ ಬರಿಮೈಗೆ ಅಂಟಿಸಬೇಕು. ಹೆಂಗಸರಿಗೂ ಹೀಗೆಯೇ; ಸಂಕೋಚದಿಂದ ಬಟ್ಟೆಯ ಮೇಲೆ ಅಂಟಿಸಿದರೆ ಪ್ರಯೋಜನವಿಲ್ಲ. ಶಾಕ್ ಕೊಡುವ ಕ್ಷಣದಲ್ಲಿ ಯಾರೂ ಮುಟ್ಟಬಾರದು, ಕೊಟ್ಟೊಡನೆ ಮತ್ತೆ ಒತ್ತಲು ಶುರುಮಾಡಬೇಕು. ಶಾಕ್ ಬೇಡವೆಂದು ಯಂತ್ರ ಹೇಳಿದರೂ, ಉಸಿರು ಮರಳದಿದ್ದರೆ ಒತ್ತುವುದನ್ನು ನಿಲ್ಲಿಸಬೇಡಿ.

ಬೆಲ್‌ಫಾಸ್ಟಿನ ವೈದ್ಯ ಫ್ರ್ಯಾಂಕ್ ಪ್ಯಾಂಟ್ರಿಜ್ 1965ರಲ್ಲಿ ಆಂಬುಲೆನ್ಸಿಗೆ ಹತ್ತಿಸಿದ, ಹೃದಯಕ್ಕೆ ಇಂಥದೇ ಶಾಕ್ ಕೊಡುವ ಡಿಫಿಬ್ರಿಲೇಟರ್ ಯಂತ್ರ ಕಾರಿನ ಬ್ಯಾಟರಿಗಳಿಂದ ನಡೆಯುತ್ತಿತ್ತು, ಸುಮಾರು 70 ಕಿಲೊ ತೂಗುತ್ತಿತ್ತು. ರೋಗಿ ಆಸ್ಪತ್ರೆ ತಲುಪುವ ತನಕ ಕಾಯಲಾಗದೆಂದು ಅವರು ಅಷ್ಟು ಭಾರವನ್ನು ಬೀದಿಗೆ ಒಯ್ದರು. ಈಗ ಒಂದೇ ಕೈಯಲ್ಲಿ ಎತ್ತಬಹುದಾದ ಪೆಟ್ಟಿಗೆಯನ್ನು ಕೊಂಡು, ಕಾರ್ಯದರ್ಶಿಗಳ ಕೊಠಡಿಯಲ್ಲಿಟ್ಟು ಬೀಗ ಹಾಕಿದರೆ ಏನು ಬಂತು? ರಾತ್ರಿಯೂ ಕೈಗೆಟುಕುವ ಕಡೆ ಇಡಿ. ಕಾವಲುಗಾರರಿಗೂ ತರಬೇತಿ ಕೊಡಿಸಿ, ಸಿದ್ಧವಾಗಿರುವುದನ್ನು ಸೂಚಿಸುವ ದೀಪವನ್ನೂ ಬ್ಯಾಟರಿ, ಪ್ಯಾಡ್‌ಗಳ ಅವಧಿಯನ್ನೂ ತಿಂಗಳಿಗೊಮ್ಮೆ ನೋಡಿ ಬರೆದಿಡುವ ಕೆಲಸವನ್ನು ಒಬ್ಬರಿಗೆ ವಹಿಸಿ.